ಮಗುವಿನ ಕೈಗೆ ಕೊಟ್ಟ ಮೇಕೆ ಸೊರಗಿದಾಗ

ಪ್ರಶ್ನೆ: ನಮ್ಮ ಊರಿನ ಯುವಕ ಸಂಘದಿಂದ ಶಾಲೆಗೆ ಹೋಗುವ 14 ಮಕ್ಕಳಿಗೆ ತಲಾ ಒಂದು ಹೆಣ್ಣು ಮೇಕೆಮರಿ ಕೊಟ್ಟಿದ್ದೇವೆ. ಕೊಟ್ಟು ಮೂರೂವರೆ ತಿಂಗಳಾಯಿತು. ಮೊದಲು ಹುಟ್ಟುವ ಎರಡು ಮರಿಗಳನ್ನು ಸಂಘಕ್ಕೆ ಕೊಡಬೇಕು, ಆಮೇಲೆ ತಾಯಿಮೇಕೆ ಮಗುವಿನದೇ ಎಂಬುದು ಒಪ್ಪಂದ. ಎಂಟನೇ ತರಗತಿಯ ಒಬ್ಬ ಹುಡುಗನ ಮೇಕೆ ಬಹಳ ಸೊರಗಿದೆ. ಕುತ್ತಿಗೆಯ ಸುತ್ತ ಗಾಯವಾಗಿ ಕೀವು ಬಂದಿದೆ, ಪಕ್ಕೆಯ ಮೇಲೆ ಸುಟ್ಟ ಗುರುತಿದೆ. ‘ಅವನು ಅದನ್ನ ಹೊಡೀತಾನೆ ಅಕ್ಕಾ’ ಎಂದು ಇಬ್ಬರು ಮಕ್ಕಳು ಹೇಳಿದರು. ವಿಚಾರಿಸಲು ಹೋದರೆ ಮನೆಯವರು ‘ನಮ್ಮ ಮೇಕೆ, ನಿಮಗೇನು’ ಎಂದು ರೇಗಿದರು. ಸಂಘದಲ್ಲಿ ಕೆಲವರು ಪೊಲೀಸರಿಗೆ ಹೇಳೋಣ ಎನ್ನುತ್ತಾರೆ, ಕೆಲವರು ಹುಡುಗನ ಹೆಸರು ತೆಗೆದುಹಾಕೋಣ ಎನ್ನುತ್ತಾರೆ. ಒಬ್ಬರು ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿಯೂ ಆಗಿದೆ. ನಾವು ಏನು ಮಾಡಬೇಕು?
— ಕಾರ್ಯಕ್ರಮದ ಸಂಯೋಜಕಿ, ಶಿರಾ ತಾಲ್ಲೂಕು

ಉತ್ತರ: ಮೊದಲು ಆ ಫೋಟೊವನ್ನು ಗುಂಪಿನಿಂದ ತೆಗೆಸಿ. ಹುಡುಗನ ಮುಖ, ಮನೆ, ಹೆಸರು ಯಾವುದೇ ಅದರಲ್ಲಿ ಗೊತ್ತಾಗುವಂತಿದ್ದರೆ ಇವತ್ತೇ ತೆಗೆಸಿ. ವಿಷಯ ನಾಳೆ ಪೊಲೀಸರ ತನಕ ಹೋದರೆ, ಅದರಲ್ಲಿ ಸಿಕ್ಕಿಕೊಂಡ ಮಗುವಿನ ಗುರುತು ಬಯಲು ಮಾಡುವುದು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮಿನಡಿ ಅಪರಾಧ: ಆರು ತಿಂಗಳವರೆಗೆ ಸಜೆ, ಇಲ್ಲವೆ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ‘ನಮ್ಮ ನಮ್ಮ ಗುಂಪು ತಾನೇ’ ಎಂಬ ಸಮಾಧಾನ ನಿಲ್ಲುವುದಿಲ್ಲ. ಮೂಲ ಫೋಟೊ ಮಾತ್ರ ತೆಗೆದವರ ಫೋನಿನಲ್ಲಿ ಹಾಗೇ ಇರಲಿ. ತೆಗೆದ ದಿನ, ಗಂಟೆ ಅದರಲ್ಲೇ ದಾಖಲಾಗಿರುತ್ತದೆ, ಮುಂದೆ ಬೇಕಾಗುತ್ತದೆ.

ಇನ್ನು ಮೇಕೆಯ ವಿಷಯ. ಮೇಕೆಗೆ ಏನಾಗಿದೆ, ಅದಕ್ಕೆ ಯಾರು ಕಾರಣ, ಹುಡುಗನನ್ನು ಏನು ಮಾಡುವುದು ಎಂಬ ಮೂರು ಪ್ರಶ್ನೆಗಳು ನಿಮ್ಮ ಪತ್ರದಲ್ಲಿ ಹೆಣೆದುಕೊಂಡಿವೆ. ಸಂಘದವರು ಎರಡನೆಯದರಿಂದ ಶುರುಮಾಡಿದ್ದಾರೆ. ಜಗಳ ಹುಟ್ಟಿದ್ದೂ ಅಲ್ಲಿಂದಲೇ. ಮೊದಲನೆಯದಕ್ಕೆ ಉತ್ತರ ಕೈಗೆ ಬರುವ ತನಕ ಎರಡನೆಯದನ್ನು ಯಾರೂ ಬಾಯಿಗೆ ತರಬಾರದು. ಮೊದಲನೆಯದು ಕೈಯಿಂದ ಮುಟ್ಟಿ ನೋಡಿ ತಿಳಿಯುವಂಥದ್ದು, ಅದಕ್ಕೆ ಯಾರ ಸಾಕ್ಷಿಯೂ ಬೇಡ.

ಗಾಯ ಕೀವಾಗಿದೆ ಎಂದ ಮೇಲೆ ಪಶುವೈದ್ಯರಿಗೆ ತೋರಿಸಲು ಸಭೆ ಸೇರಿ ತೀರ್ಮಾನ ಮಾಡಬೇಕಾಗಿಲ್ಲ. ಹತ್ತಿರದ ಪಶು ಆಸ್ಪತ್ರೆಗೆ ಹೇಳಿ, ಇಲ್ಲವೆ 1962ಕ್ಕೆ ಕರೆ ಮಾಡಿ. ಸಂಚಾರಿ ಪಶು ಚಿಕಿತ್ಸಾ ವಾಹನ ಊರಿಗೇ ಬರುತ್ತದೆ. ಎಬ್ಬಿಸಿದರೂ ಏಳುತ್ತಿಲ್ಲ, ಗಾಯದಲ್ಲಿ ಹುಳ ಬಿದ್ದಿದೆ, ಹಗ್ಗ ಚರ್ಮದೊಳಗೆ ಹೂತುಹೋಗಿದೆ, ಕಾಲು ಊರುತ್ತಿಲ್ಲ, ಬಾಯಿ ತೆರೆದು ಉಸಿರಾಡುತ್ತಿದೆ — ಇವುಗಳಲ್ಲಿ ಒಂದು ಕಂಡರೂ ನಾಳೆ ಎನ್ನಬೇಡಿ. ಥರ್ಮಾಮೀಟರಿದ್ದರೆ ಗುದದ ಉಷ್ಣತೆ ನೋಡಿ. ಮೇಕೆಗೆ 102ರಿಂದ 103 ಡಿಗ್ರಿ ಫ್ಯಾರನ್‌ಹೀಟ್ ಸಹಜ, ಮನುಷ್ಯರ ಜ್ವರದ ಲೆಕ್ಕ ಅದಕ್ಕೆ ಹೊಂದುವುದಿಲ್ಲ. 104 ದಾಟಿದರೆ ಜ್ವರ. 100ಕ್ಕಿಂತ ಕೆಳಗಿಳಿದಿದ್ದರೆ ಜ್ವರಕ್ಕಿಂತ ಕೆಟ್ಟದ್ದು.

ವೈದ್ಯರು ಬರುವ ತನಕ ಹಗ್ಗ ಸಡಿಲಿಸಿ, ಆದರೆ ಒಳಗೆ ಹೂತ ಹಗ್ಗವನ್ನು ಎಳೆಯಬೇಡಿ. ಕುತ್ತಿಗೆಯ ದೊಡ್ಡ ರಕ್ತನಾಳ ಚರ್ಮದ ಕೆಳಗೇ ಇರುತ್ತದೆ. ಗಾಯ ತೊಳೆಯಲು ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು ಸಾಕು. ಫಿನಾಯಿಲ್, ಸೀಮೆಎಣ್ಣೆ, ಹಳೇ ಎಂಜಿನ್ ಆಯಿಲ್ ಹಚ್ಚುವ ಕೈಗಳನ್ನು ತಡೆಯಿರಿ. ಅವು ಚರ್ಮವನ್ನು ಸುಡುತ್ತವೆ, ಗಾಯ ಎಷ್ಟು ದಿನದ್ದೆಂದು ವೈದ್ಯರು ಗುರುತಿಸಬೇಕಾದ ಅಂಚನ್ನೂ ಹಾಳುಮಾಡುತ್ತವೆ.

ಇಂಥ ಹೊತ್ತಿನಲ್ಲಿ ಮೇಕೆಯನ್ನು ಕೊಲ್ಲುವುದು ಬಹಳ ಸಲ ಜನರ ಕನಿಕರ. ಬಡಕಲು ಮೇಕೆ ಕಂಡೊಡನೆ ಯಾರೋ ಒಂದು ಬೋಗುಣಿ ಅನ್ನವನ್ನೋ ಮುದ್ದೆಯನ್ನೋ ಜೋಳದ ನುಚ್ಚನ್ನೋ ತಂದಿಡುತ್ತಾರೆ. ಅದು ಗಬಗಬನೆ ತಿನ್ನುತ್ತದೆ, ತಂದಿಟ್ಟವರಿಗೆ ಕಣ್ಣು ತುಂಬಿ ಬರುತ್ತದೆ. ವಾರಗಟ್ಟಲೆ ಒಣ ಕಡ್ಡಿ ಜಗಿದ ಹೊಟ್ಟೆ ಅಷ್ಟು ಪಿಷ್ಟಕ್ಕೆ ಒಗ್ಗಿರುವುದಿಲ್ಲ. ತಿಂದದ್ದೆಲ್ಲ ಒಳಗೆ ಒಮ್ಮೆಲೇ ಹುಳಿತು ಆಮ್ಲವಾಗುತ್ತದೆ, ಮೆಲುಕು ನಿಲ್ಲುತ್ತದೆ, ನೀರಿನಂಥ ಬೇದಿ ಶುರುವಾಗಿ ಒಂದೆರಡು ದಿನದಲ್ಲಿ ಸತ್ತೇಹೋಗಬಹುದು. ಆ ಸಾವೂ ಹುಡುಗನ ತಲೆಗೇ ಕಟ್ಟಿಕೊಳ್ಳುತ್ತದೆ. ಹಾಗಾಗಿ ಮೊದಲ ಮೂರು ದಿನ ಸೊಪ್ಪು ಮತ್ತು ಒಣ ಕಡಲೆಕಾಯಿ ಬಳ್ಳಿ ಮಾತ್ರ ಕೊಡಿ. ನೀರನ್ನೂ ಬಕೆಟ್ಟಿಗೆ ಬಾಯಿ ಹಾಕಲು ಬಿಡದೆ ಕಾಲು ಗಂಟೆಗೊಮ್ಮೆ ಅರ್ಧ ಲೀಟರಿನಂತೆ ಕುಡಿಸಿ. ನಾಲ್ಕನೇ ದಿನದಿಂದ 50 ಗ್ರಾಂ ಬೂಸ-ಹಿಂಡಿ, ಎರಡು ಮೂರು ದಿನಕ್ಕೊಮ್ಮೆ 50 ಗ್ರಾಂ ಏರಿಸುತ್ತಾ 200 ಗ್ರಾಮಿಗೆ ನಿಲ್ಲಿಸಿ. ಮಲಗಿದ ಮೇಕೆಯ ಬಾಯಿಗೆ ಜಂತಿನ ಔಷಧಿ ಸುರಿಯುವುದಂತೂ ಬೇಡವೇ ಬೇಡ, ಅದು ಶ್ವಾಸಕೋಶಕ್ಕೆ ಹೋಗುತ್ತದೆ.

ಮೈಮೇಲಿನ ಗುರುತಿಗೂ ವಯಸ್ಸಿದೆ

ನೀವು ಹೇಳಿದ ಮೂರು ಗುರುತುಗಳನ್ನು ಒಂದೊಂದಾಗಿ ನೋಡೋಣ. ಒಂದೇ ಮೇಕೆಯ ಮೇಲೆ ಮೂರೂ ಇವೆ ಎಂದಮಾತ್ರಕ್ಕೆ ಮೂರಕ್ಕೂ ಒಬ್ಬನೇ ಕಾರಣನಾಗಿರಬೇಕಿಲ್ಲ.

ಕುತ್ತಿಗೆಯ ಗಾಯ. ಮೂರು ತಿಂಗಳ ನಾಟಿ ಮರಿ ಎಂಟು ಹತ್ತು ಕೆ.ಜಿ. ಇರುತ್ತದೆ. ಕೊಟ್ಟ ದಿನ ಅದರ ಕೊರಳಿಗೆ ಯಾರೋ ನೈಲಾನ್ ಹಗ್ಗ ಬಿಗಿದರು ಎಂದುಕೊಳ್ಳಿ. ಮೈ ಸೊರಗಿದರೂ ಎಲುಬು ಬೆಳೆಯುತ್ತದೆ, ಹಗ್ಗ ಬೆಳೆಯುವುದಿಲ್ಲ. ಮೊದಲು ಕೂದಲು ಉದುರುತ್ತದೆ, ಆಮೇಲೆ ಚರ್ಮ ಸೀಳುತ್ತದೆ, ನೊಣ ಮುತ್ತುತ್ತದೆ. ಗಾಯ ಸುತ್ತಲೂ ಒಂದೇ ಅಗಲಕ್ಕೆ ಬಳೆಯಂತಿದ್ದು ಅಂಚಿನ ಚರ್ಮ ದಪ್ಪಗಾಗಿದ್ದರೆ ಅದು ವಾರಗಳ ಕೆಲಸ. ಹಗ್ಗ ಹಿಡಿದು ದರದರ ಎಳೆದಾಡಿದ ಗಾಯ ಹೀಗಿರುವುದಿಲ್ಲ. ಒಂದು ಮಗ್ಗುಲಲ್ಲಿ ತರಚಿ ಕೆಂಪಾಗಿರುತ್ತದೆ, ಅಂಚು ತೆಳ್ಳಗಿರುತ್ತದೆ. ಬಳೆಯಂಥ ಗಾಯವೇ ಆಗಿದ್ದರೆ ಹಗ್ಗ ಹಿಡಿದು ಎಳೆದಾಡಿದರು ಎಂಬ ಮಾತು ಬಿದ್ದುಹೋಗುತ್ತದೆ. ಆದರೆ ಮೂರೂವರೆ ತಿಂಗಳು ಆ ಹಗ್ಗದ ಕೆಳಗೆ ಎರಡು ಬೆರಳು ತೂರಿಸಿ ನೋಡಿದವರು ಯಾರೂ ಇಲ್ಲ ಎಂಬುದು ಎದ್ದು ಕಾಣುತ್ತದೆ. ಆ ‘ಯಾರೂ’ ಎಂಬುದರಲ್ಲಿ ನಿಮ್ಮ ಸಂಘವೂ ಸೇರಿದೆ.

ಸುಟ್ಟ ಗುರುತು. ನಮ್ಮ ಕಡೆ ಹೊಟ್ಟೆಯುಬ್ಬರಕ್ಕೆ, ಊತಕ್ಕೆ ಕಾದ ಕಬ್ಬಿಣದಿಂದ ಬರೆ ಹಾಕುವ ರೂಢಿ ಪೂರ್ತಿ ಹೋಗಿಲ್ಲ. ಬರೆ ಸಾಮಾನ್ಯವಾಗಿ ನೇರ ಗೆರೆಯಾಗಿರುತ್ತದೆ, ಅಥವಾ ಸಮ ಅಂತರದ ಎರಡು ಮೂರು ಗೆರೆ, ಬೇನೆ ಇರುವ ಜಾಗದಲ್ಲೇ. ಬೀಡಿಯಿಂದ ಚುಚ್ಚಿದ್ದಾದರೆ ಒಂದು ಸೆಂಟಿಮೀಟರಿಗಿಂತ ಚಿಕ್ಕ ಗುಂಡು ಕಲೆಗಳು ಅಲ್ಲಲ್ಲಿ ಚೆದುರಿರುತ್ತವೆ. ಬಿಸಿನೀರು ಎರಚಿದ್ದಾದರೆ ಮೇಲೆ ಅಗಲವಾಗಿ, ಇಳಿದಲ್ಲಿ ಮೊನಚಾಗಿ, ನೀರು ಹರಿದ ದಾರಿಯೇ ಕಾಣುತ್ತದೆ. ಮೇಕೆಗೆ ನೋವು ಮೂರರಲ್ಲೂ ಒಂದೇ. ಆದರೆ ಬರೆ ಹಾಕಿದ ಅಜ್ಜಿಗೆ ತಿಳಿಹೇಳಬೇಕು, ಬೀಡಿ ಚುಚ್ಚಿದವರ ಬಗ್ಗೆ ದೂರು ಕೊಡಬೇಕು. ಬರೆಯೇ ಆಗಿದ್ದರೆ ಇನ್ನೊಂದು ಅರ್ಥವೂ ಇದೆ: ಮೇಕೆಗೆ ಕಾಯಿಲೆ ಎಂದು ಆ ಮನೆಯವರಿಗೆ ಗೊತ್ತಾಗಿತ್ತು, ತಮಗೆ ತಿಳಿದ ಔಷಧಿ ಮಾಡಿದರು, ಸಂಘಕ್ಕೆ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ವಿಚಾರಿಸಿ. ‘ಮೇಕೆ ಸತ್ತರೆ ದುಡ್ಡು ಕಟ್ಟಬೇಕಾಗುತ್ತೆ’ ಎಂಬ ಹೆದರಿಕೆ ಎಷ್ಟೋ ಕಡೆ ಬಾಯಿ ಕಟ್ಟಿಸುತ್ತದೆ.

ಸೊರಗಿದ್ದು. ಇದೇ ಎಲ್ಲಕ್ಕಿಂತ ತೊಡಕಿನದು. ಕಣ್ಣಳತೆಯಲ್ಲಿ ಹೇಳಬೇಡಿ, ಕೂದಲು ಮೋಸ ಮಾಡುತ್ತದೆ. ಕೊನೆಯ ಪಕ್ಕೆಲುಬಿನ ಹಿಂದೆ ಬೆನ್ನಮೂಳೆಯ ಮೇಲೆ ಬೆರಳಿಟ್ಟು ಒತ್ತಿ. ಈಗ ನಿಮ್ಮ ಇನ್ನೊಂದು ಕೈಯನ್ನು ಮುಷ್ಟಿ ಮಾಡಿ ಗೆಣ್ಣುಗಳ ಮೇಲೆ ಬೆರಳಾಡಿಸಿ. ಬೆನ್ನು ಆ ಗೆಣ್ಣುಗಳಂತೆ ಚುಚ್ಚಿದರೆ ಐದರಲ್ಲಿ ಒಂದು ಅಂಕ. ಗೆಣ್ಣಿನಿಂದ ಮುಂದೆ ಬೆರಳಿನ ಚಪ್ಪಟೆ ಭಾಗದಂತೆ, ಮೂಳೆ ತಿಳಿಯುತ್ತದೆ ಆದರೆ ಚುಚ್ಚುವುದಿಲ್ಲ ಎಂಬಂತಿದ್ದರೆ ಮೂರು, ಅದು ಆರೋಗ್ಯ. ಎರಡು ಅಂಕವಿದ್ದು ಚೆನ್ನಾಗಿ ತಿನ್ನುತ್ತಿದ್ದರೆ ವಾರದ ಸಮಯವಿದೆ. ಒಂದು ಅಂಕಕ್ಕೆ ಸಮಯವಿಲ್ಲ.

ಅಂಕ ಒಂದು ಎಂದು ಬಂದರೂ ಅದು ಹಸಿವಿನಿಂದಲೇ ಎನ್ನುವಂತಿಲ್ಲ. ಕೆಳಗಿನ ಕಣ್ಣುರೆಪ್ಪೆ ಎಳೆದು ಒಳಬಣ್ಣ ನೋಡಿ. ಪಕ್ಕದಲ್ಲಿ ಚೆನ್ನಾಗಿರುವ ಮೇಕೆಯೊಂದರ ರೆಪ್ಪೆ ಹೋಲಿಸಿ. ಕೆಂಪಿರಬೇಕಾದಲ್ಲಿ ಬಿಳುಚಿಕೊಂಡಿದ್ದರೆ, ದವಡೆಯ ಕೆಳಗೆ ನೀರು ತುಂಬಿದ ಚೀಲದಂಥ ಊತವಿದ್ದರೆ, ಮೊದಲ ಸಂಶಯ ಹೆಮಾಂಕಸ್ ಎಂಬ ಜಂತುಹುಳುವಿನ ಮೇಲೆ. ಜಠರದ ಗೋಡೆಗೆ ಕಚ್ಚಿಕೊಂಡು ಒಂದೊಂದು ಹುಳು ದಿನಕ್ಕೆ ಸುಮಾರು 0.05 ಮಿಲಿ ರಕ್ತ ಖರ್ಚು ಮಾಡಿಸುತ್ತದೆ, ಸಾವಿರ ಹುಳುವಿದ್ದರೆ 50 ಮಿಲಿ. ಹತ್ತು ಕೆ.ಜಿ.ಯ ಮರಿಗೆ ಅದು ಸಣ್ಣ ಮಾತಲ್ಲ. ಹುಡುಗ ಹೊತ್ತು ಹೊತ್ತಿಗೆ ಮೇವು ಹಾಕಿದ್ದರೂ ಈ ಮೇಕೆ ಸೊರಗುತ್ತದೆ. ಹಿರೇಬೇನೆ (ಪಿಪಿಆರ್) ಎಂಬ ಅಂಟುರೋಗದಿಂದ ಎದ್ದ ಮೇಕೆ, ತಿಂದರೂ ಮೈಗೆ ಹತ್ತದ ಜೋನೀಸ್ ಕಾಯಿಲೆಯ ಮೇಕೆ ಕೂಡ ಉಪವಾಸ ಬಿದ್ದದ್ದರಂತೆಯೇ ಕಾಣುತ್ತವೆ. ಕಜ್ಜಿಯಿಂದ ಕೂದಲುದುರಿದ ಮೈಯನ್ನು ಏಟು ಬಿದ್ದ ಮೈ ಎಂದು ತಿಳಿಯುವವರೂ ಇದ್ದಾರೆ.

ಹುಳುವಿನ ಸಂಶಯವನ್ನು ಹಿಕ್ಕೆ ಪರೀಕ್ಷೆ ಬಿಡಿಸುತ್ತದೆ. ಕೈಗವಸು ಹಾಕಿ ಗುದದಿಂದಲೇ ಹತ್ತು ಹಿಕ್ಕೆ ತೆಗೆದು, ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಹೊರಗೆ ಒತ್ತಿ ಕಟ್ಟಿ, ನೆರಳಲ್ಲಿ ತಣ್ಣಗಿಟ್ಟು ಅಂದೇ ಆಸ್ಪತ್ರೆಗೆ ಮುಟ್ಟಿಸಿ. ನೆಲದಿಂದ ಆರಿಸಿದರೆ ಯಾವ ಮೇಕೆಯದು ಎಂಬ ತಕರಾರು ಬರುತ್ತದೆ; ಬಿಸಿಲಿಗಿಟ್ಟರೆ ಮೊಟ್ಟೆ ಒಡೆದು ಮರಿಹುಳುವಾಗಿ ಎಣಿಕೆ ಕಡಿಮೆ ಬರುತ್ತದೆ.

ಮೇವಿನ ಲೆಕ್ಕವನ್ನೂ ಹಾಕಿ. ಒಣ ಲೆಕ್ಕದಲ್ಲಿ ಮೈತೂಕದ ಶೇ 3ರಿಂದ 4ರಷ್ಟು ದಿನಕ್ಕೆ ಬೇಕು, ಅಂದರೆ 15 ಕೆ.ಜಿ. ಮೇಕೆಗೆ 450ರಿಂದ 600 ಗ್ರಾಂ. ಹಸಿ ಸೊಪ್ಪಿನಲ್ಲಿ ಸುಮಾರು ಕಾಲು ಭಾಗ ಮಾತ್ರ ಒಣಪದಾರ್ಥ. ಆದ್ದರಿಂದ ಒಂದೂವರೆ ಕೆ.ಜಿ. ಸೊಪ್ಪು ಮತ್ತು ಕಾಲು ಕೆ.ಜಿ. ಹತ್ತಿರ ಒಣಮೇವು ಸೇರಿದರೆ ಸರಿಹೋಗುತ್ತದೆ. ‘ದಿನಾ ಒಂದು ಕಂತೆ ಸೊಪ್ಪು ಹಾಕ್ತೀನಿ’ ಎಂದು ಹುಡುಗ ಹೇಳಿದರೆ ಸುಳ್ಳು ಎನ್ನಬೇಡಿ. ಆ ಕಂತೆಯನ್ನು ತಕ್ಕಡಿಗಿಡಿ. ಮೇಕೆ ತಿಂದು ಬಿಟ್ಟ ಕಡ್ಡಿಯನ್ನು ಮರುದಿನ ತೂಗಿ ಕಳೆಯಿರಿ. ಒಂದೂವರೆ ಕೆ.ಜಿ.ಯ ಕಂತೆಯಲ್ಲಿ ಹೊಟ್ಟೆಗೆ ಹೋದದ್ದು ಆರುನೂರು ಗ್ರಾಂ ಎಂದು ಬಂದರೆ ಹುಡುಗ ಹೇಳಿದ್ದೂ ನಿಜ, ಮೇಕೆ ಉಪವಾಸವಿದ್ದದ್ದೂ ನಿಜ.

ಹೊಡೆತದ ಗುರುತು ಕೂದಲ ಕೆಳಗೆ ಅಡಗಿರುತ್ತದೆ. ಪಕ್ಕೆಲುಬಿನುದ್ದಕ್ಕೂ ಅಂಗೈ ಜಾರಿಸಿ, ಬಿಸಿಯಾದ ಊತ, ಮುಟ್ಟಿದರೆ ಮೈ ಸೆಳೆದುಕೊಳ್ಳುವ ಜಾಗ ಹುಡುಕಿ. ಕೋಡಿನ ಬುಡ, ಮುಂಗಾಲಿನ ಗೆಣ್ಣು ನೋಡಿ. ಹುಡುಗ ಹತ್ತಿರ ಬಂದರೆ ಮೇಕೆ ಹಿಂದೆ ಸರಿಯುತ್ತದೆಯೆ, ಅವನ ಜೇಬಿಗೆ ಮೂತಿ ಹಾಕುತ್ತದೆಯೆ ಎಂಬುದನ್ನೂ ಬರೆದುಕೊಳ್ಳಿ. ಅದನ್ನೇ ಪುರಾವೆ ಎಂದು ಹಿಡಿಯಬೇಡಿ. ಸೂಜಿ ಹಾಕಿದವರನ್ನು ಕಂಡರೂ ಮೇಕೆ ಹಿಂದೆ ಸರಿಯುತ್ತದೆ.

ಒಂದೇ ಮನೆಗೆ ಹೋಗಬೇಡಿ

ಮೊನ್ನೆ ನೀವು ಹೋದಾಗ ಮನೆಯವರು ರೇಗಿದ್ದಕ್ಕೆ ಕಾರಣ ಸುಲಭವಾಗಿ ಊಹಿಸಬಹುದು. ಹದಿನಾಲ್ಕು ಮನೆಯಲ್ಲಿ ಒಂದೇ ಮನೆಯ ಬಾಗಿಲಿಗೆ ಹೋಗಿ ನಿಂತಿರಿ, ಇಡೀ ಬೀದಿ ನೋಡಿತು. ಊರಲ್ಲಿ ಆರೋಪ ಯಾವ ಕೇರಿಯ ಮೇಲೆ ಬೇಗ ಬಂದು ಕೂರುತ್ತದೆ ಎಂಬುದು ನಿಮಗೆ ನಾನು ಹೇಳಬೇಕಾಗಿಲ್ಲ. ಹಾಗಾಗಿ ಈ ವಾರದಲ್ಲೇ ಎಲ್ಲ 14 ಮೇಕೆಗಳಿಗೂ ‘ತೂಕದ ದಿನ’ ಇಡಿ. ಪಶುವೈದ್ಯರನ್ನು ಅಂದೇ ಕರೆಸಿ, ಎಲ್ಲಕ್ಕೂ ಅಂಕ, ಕಣ್ಣುರೆಪ್ಪೆ, ಗೊರಸು, ಕೊರಳ ಹಗ್ಗ, ಹಿಕ್ಕೆ ನೋಡಿಸಿ. ಹುಡುಗನ ಮೇಕೆಗೆ ತುರ್ತು ಚಿಕಿತ್ಸೆ ಬೇಕಿದ್ದರೆ ಅದು ಇವತ್ತೇ ಆಗಲಿ. ಪರಿಶೀಲನೆ ಮಾತ್ರ ಎಲ್ಲರಿಗೂ ಒಂದೇ ಅಳತೆಯಲ್ಲಿರಲಿ. ಇನ್ನೂ ಎರಡು ಮೂರು ಮೇಕೆ ಅದೇ ಸ್ಥಿತಿಯಲ್ಲಿ ಸಿಕ್ಕರೆ ಆಶ್ಚರ್ಯಪಡಬೇಡಿ. ಆಗ ಪ್ರಶ್ನೆಯೇ ಬದಲಾಗುತ್ತದೆ.

ತಕ್ಕಡಿ ಇಲ್ಲದಿದ್ದರೆ ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಭುಜದ ಮೂಳೆಯಿಂದ ಪೃಷ್ಠದ ಮೂಳೆಯ ತನಕ ಉದ್ದ, ಎರಡನ್ನೂ ಅಂಗುಲದಲ್ಲಿ ಹಿಡಿಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಕೆ.ಜಿ. ಲೆಕ್ಕ ಸಿಗುತ್ತದೆ. 22 ಅಂಗುಲ ಸುತ್ತಳತೆ, 20 ಅಂಗುಲ ಉದ್ದವಿದ್ದರೆ 14.7 ಕೆ.ಜಿ. ಪ್ರತಿ ಸಲ ಬೆಳಿಗ್ಗೆ ಮೇಯಲು ಬಿಡುವ ಮುಂಚೆಯೇ ತೂಗಿ. ಮೇಯ್ದು ನೀರು ಕುಡಿದು ಬಂದ ಮೇಕೆ ಒಂದೆರಡು ಕೆ.ಜಿ. ಹೆಚ್ಚು ತೋರಿಸುತ್ತದೆ, ಹದಿನೈದು ದಿನದಲ್ಲಿ ನಿಜವಾಗಿ ಏರುವುದು ಒಂದು ಕೆ.ಜಿ. ಆಸುಪಾಸು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ತೂಗಿದ ಎರಡು ಅಂಕಿಗಳ ನಡುವೆ ‘ಸುಧಾರಿಸಿದೆ’, ‘ಇಳಿದಿದೆ’ ಎಂದು ಜಗಳವಾಡಿದರೆ ನೀವು ಹೊಟ್ಟೆಯಲ್ಲಿರುವ ನೀರಿನ ಮೇಲೆ ಜಗಳವಾಡುತ್ತಿದ್ದೀರಿ.

ಬರೆದಿಡುವ ಕ್ರಮ ಹೇಳುತ್ತೇನೆ. ‘ಹುಡುಗ ಮೇಕೆಗೆ ಹಿಂಸೆ ಕೊಟ್ಟಿದ್ದಾನೆ, ಊಟ ಹಾಕುವುದಿಲ್ಲ’ — ಇಂಥ ಸಾಲಿನಿಂದ ಯಾರಿಗೂ ಉಪಯೋಗವಿಲ್ಲ. ‘ಬೆಳಿಗ್ಗೆ 7.20. ಮೇಕೆ ಹಿತ್ತಿಲ ಹುಣಸೆಮರಕ್ಕೆ ಸುಮಾರು 3 ಅಡಿ ನೈಲಾನ್ ಹಗ್ಗದಲ್ಲಿ ಕಟ್ಟಿತ್ತು. ಹತ್ತಿರದಲ್ಲಿ ನೀರಿನ ಪಾತ್ರೆ ಕಾಣಲಿಲ್ಲ. ಕೊರಳ ಸುತ್ತ ಬೆರಳಗಲ ಗಾಯ, ಕೆಳಭಾಗದಲ್ಲಿ ಕೀವು. ಬೆನ್ನಿನ ಅಂಕ 1’ — ಇದು ಯಾವ ಅಧಿಕಾರಿಯ ಮುಂದೆಯೂ ನಿಲ್ಲುತ್ತದೆ. ಫೋಟೊದಲ್ಲಿ ನಾಲ್ಕೂ ಕಡೆಯಿಂದ ಇಡೀ ಮೇಕೆ, ಗಾಯದ ಪಕ್ಕ ಒಂದು ರೂಪಾಯಿ ನಾಣ್ಯ, ಕಟ್ಟಿದ ಜಾಗ, ಮೇವು, ನೀರು ಇರಲಿ. ಮನುಷ್ಯರು ಯಾರೂ ಬೇಡ. ಇದೆಲ್ಲ ಇಬ್ಬರ ಹತ್ತಿರ ಮಾತ್ರ ಇರಲಿ. ಮೊದಲು ಬಂದು ಹೇಳಿದ ಇಬ್ಬರು ಮಕ್ಕಳ ಹೆಸರು ಆ ಕಾಗದದಲ್ಲಿ ಬೇಡ, ಬೇರೆ ಹಾಳೆಯಲ್ಲಿರಲಿ. ಅವರೇ ಹೇಳಿದ್ದು ಎಂದು ಹೊರಗೆ ಬಿದ್ದರೆ ಮುಂದೆ ನಿಮ್ಮ ಹತ್ತಿರ ಯಾವ ಮಗುವೂ ಬಾಯಿ ಬಿಡುವುದಿಲ್ಲ.

ಮನೆಯವರ ಹತ್ತಿರ ಎರಡನೇ ಸಲ ಹೋಗುವಾಗ ದನಿ ಬದಲಾಗಬೇಕು. ‘ಯಾರು ಹೊಡೆದದ್ದು?’ ಎಂದು ಕೇಳಿದರೆ ಬಾಗಿಲು ಮುಚ್ಚುತ್ತದೆ. ‘ಯಜಮಾನ್ರೇ, ಮೇಕೆಗೆ ಯಾಕೋ ತಿಂದದ್ದು ಮೈಗೆ ಹತ್ತಿಲ್ಲ. ಡಾಕ್ಟ್ರು ಬಂದಿದ್ದಾರೆ, ತೋರಿಸೋಣ. ಖರ್ಚು ಸಂಘದ್ದು’ ಎಂದರೆ ಹೆಚ್ಚಿನ ಕಡೆ ಒಳಗೆ ಕರೆಯುತ್ತಾರೆ.

ಹುಡುಗನ ಜೊತೆ ಮಾತು

ಒಬ್ಬರೇ ಮಾತಾಡಿ, ಆದರೆ ಬೇರೆಯವರ ಕಣ್ಣಿಗೆ ಕಾಣುವ ಜಾಗದಲ್ಲಿ: ಶಾಲೆಯ ಜಗಲಿ, ಸಂಘದ ಕಟ್ಟೆ. ‘ಹೊಡೆದ್ಯಾ?’ ಎಂಬುದಕ್ಕೆ ಸಿಗುವುದು ‘ಇಲ್ಲ ಅಕ್ಕಾ’ ಮಾತ್ರ. ‘ನಿನ್ನೆ ಬೆಳಿಗ್ಗೆ ಎದ್ದಾಗಿಂದ ರಾತ್ರಿ ಮಲಗೋ ತನಕ ನಿನ್ನ ಮೇಕೆ ಏನೇನು ಮಾಡ್ತು ಹೇಳು’ ಎಂದು ಕೇಳಿ ಸುಮ್ಮನಿರಿ. ಯಾರು ಕಟ್ಟುತ್ತಾರೆ, ಯಾರು ನೀರಿಡುತ್ತಾರೆ, ಅವನು ಶಾಲೆಯಲ್ಲಿರುವಾಗ ಯಾರ ವಶ ಎಂಬುದು ತಾನಾಗಿಯೇ ಹೊರಬರುತ್ತದೆ. ಮಾರ್ಚಿ ಪರೀಕ್ಷೆ, ಬೇಸಿಗೆಯ ಮೇವಿನ ಕೊರತೆ, ಅಪ್ಪ-ಅಮ್ಮ ಕೂಲಿಗೆ ಹೋಗಿರುವುದು ಮೂರೂ ಒಟ್ಟಿಗೆ ಬಂದಾಗ ಮಕ್ಕಳ ಕೈಯಲ್ಲಿರುವ ಪ್ರಾಣಿ ಸೊರಗುವುದು ಸಾಮಾನ್ಯ. ‘ಯಾರಿಗೂ ಹೇಳಲ್ಲ’ ಎಂದು ಮಾತ್ರ ಮಾತು ಕೊಡಬೇಡಿ. ‘ನಿನಗೆ ಸಹಾಯ ಮಾಡೋರಿಗೆ ಮಾತ್ರ ಹೇಳ್ತೀನಿ’ ಎನ್ನಿ.

ಹುಡುಗ ನಿಜವಾಗಿ ಹೊಡೆದಿದ್ದಾನೆ ಎಂದೇ ಇಟ್ಟುಕೊಳ್ಳೋಣ. ಕಟ್ಟು ಕಿತ್ತು ಪಕ್ಕದವರ ತೊಗರಿ ಹೊಲಕ್ಕೆ ನುಗ್ಗಿದ ಮೇಕೆಗೆ ಸಿಟ್ಟಿನಲ್ಲಿ ಎರಡು ಬಾರಿಸಿದ್ದು ಬೇರೆ, ಯಾರೂ ಇಲ್ಲದಾಗ ಮತ್ತೆ ಮತ್ತೆ ನೋಯಿಸಿ ಅದರಲ್ಲಿ ಖುಷಿ ಕಾಣುವುದು ಬೇರೆ. ಮೊದಲನೆಯದಕ್ಕೆ ಗಟ್ಟಿ ಗೂಟ, ಉದ್ದ ಹಗ್ಗ, ಹಿರಿಯರ ಒಂದು ಮಾತು ಸಾಕು. ಎರಡನೆಯದಕ್ಕೆ ಮಕ್ಕಳ ಮನಸ್ಸು ಬಲ್ಲವರು ಬೇಕು. ಹೊಡೆಯುವ ಮಕ್ಕಳೆಲ್ಲ ಹೊಡೆಸಿಕೊಳ್ಳುವವರೇ ಆಗಿರುವುದಿಲ್ಲ. ಆದರೆ ಅವನ ಮೈಮೇಲೂ ಗುರುತಿದ್ದರೆ, ಅಥವಾ ಮನೆಯಲ್ಲಿ ಹೊಡೆತದ ಮಾತು ಬಂದರೆ, ಅದು ಮೇಕೆಯ ವಿಷಯವಾಗಿ ಉಳಿಯುವುದಿಲ್ಲ. ನೀವೇ ತನಿಖೆಗೆ ಇಳಿಯದೆ ಅಂದೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಹೊಡೆಯುವವರು ಸಂಘದ ಕಾರ್ಯಕರ್ತರೋ ಮನೆಯ ದೊಡ್ಡವರೋ ಎಂದು ಗೊತ್ತಾದರೂ ಒಳಗೊಳಗೇ ಪಂಚಾಯಿತಿ ಮಾಡಿ ಮುಗಿಸಬೇಡಿ.

ಪೊಲೀಸರ ಮಾತು

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಲ್ಲಿ ಹೊಡೆಯುವುದು, ಅತಿ ಗಿಡ್ಡ ಹಗ್ಗದಲ್ಲಿ ಹೊತ್ತುಗಟ್ಟಲೆ ಕಟ್ಟಿಹಾಕುವುದು, ಮಾಲೀಕ ಸಾಕಷ್ಟು ಮೇವು ನೀರು ನೆರಳು ಕೊಡದಿರುವುದು ಎಲ್ಲವೂ ಅಪರಾಧ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. ಹೌದು, ಈಗಲೂ ಅಷ್ಟೇ. ಮೂರು ವರ್ಷದೊಳಗೆ ಎರಡನೇ ಸಲ ಮಾಡಿದರೆ 25ರಿಂದ 100 ರೂಪಾಯಿ, ಇಲ್ಲವೆ ಮೂರು ತಿಂಗಳವರೆಗೆ ಸಜೆ, ಇಲ್ಲವೆ ಎರಡೂ. ಮೇವು ಹಾಕದ್ದು, ಹೊಡೆದದ್ದು ಅಸಂಜ್ಞೇಯ ಅಪರಾಧಗಳು; ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಠಾಣೆಯಲ್ಲಿ ‘ಎನ್‌ಸಿಆರ್ (ಅಸಂಜ್ಞೇಯ ಅಪರಾಧದ ವರದಿ) ಬರ್ಕೊಡ್ತೀವಿ’ ಎಂದರೆ ಅದು ಉದಾಸೀನವೇ ಆಗಿರಬೇಕಿಲ್ಲ. ಪ್ರಾಣಿಯ ಅಂಗ ಊನ ಮಾಡುವುದು, ಕೊಲ್ಲುವುದು, ವಿಷ ಹಾಕುವುದು ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿಗೆ ಬರುತ್ತದೆ, ಐದು ವರ್ಷದವರೆಗೆ ಸಜೆ, ಅದು ಸಂಜ್ಞೇಯ, ಅಂದರೆ ಪೊಲೀಸರೇ ನೇರವಾಗಿ ತನಿಖೆ ಮಾಡಬಹುದು. ಇನ್ನೊಂದು ಗಡುವಿದೆ: 1960ರ ಕಾಯ್ದೆಯಡಿ ಮೊಕದ್ದಮೆಯನ್ನು ಅಪರಾಧ ನಡೆದ ಮೂರು ತಿಂಗಳೊಳಗೆ ಹೂಡಬೇಕು. ‘ನೋಡೋಣ, ನೋಡೋಣ’ ಎನ್ನುತ್ತಾ ಆ ಗಡುವು ಜಾರುತ್ತದೆ.

ಆರೋಪ 18 ತುಂಬದ ಹುಡುಗನ ಮೇಲಾದರೆ ವಿಷಯ ಬಾಲನ್ಯಾಯ ಮಂಡಳಿಗೆ ಸೇರಿದ್ದು. ದೊಡ್ಡವರ ಜೊತೆ ಸೇರಿ ಮಾಡಿದ್ದಲ್ಲದಿದ್ದರೆ ಇಂಥ ಸಣ್ಣ ಅಪರಾಧಕ್ಕೆ ಮಗುವಿನ ಮೇಲೆ ಎಫ್‌ಐಆರ್ ಹಾಕುವುದಿಲ್ಲ, ಠಾಣೆಯ ದಿನಚರಿಯಲ್ಲಿ ಬರೆದು ಸಾಮಾಜಿಕ ಹಿನ್ನೆಲೆಯ ವರದಿ ಕಳಿಸುತ್ತಾರೆ. ಆದ್ದರಿಂದ ಪೊಲೀಸರ ಹೆಸರು ಹೇಳಿ ಹುಡುಗನನ್ನು ಹೆದರಿಸುವುದು ಕಾನೂನಿನ ಲೆಕ್ಕದಲ್ಲೂ ಅರ್ಥವಿಲ್ಲದ್ದು. ಪಶುವೈದ್ಯರು ಗಾಯ ಉದ್ದೇಶಪೂರ್ವಕ ಎಂದು ಬರೆದುಕೊಟ್ಟರೆ, ಅಥವಾ ಹಿಂಸೆ ದೊಡ್ಡವರದ್ದಾದರೆ, ಆ ವರದಿಯನ್ನಿಟ್ಟು ಠಾಣೆಗೂ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಪ್ರಾಣಿ ದಯಾ ಸಂಘಕ್ಕೂ ಬರಹದಲ್ಲಿ ದೂರು ಕೊಡಿ, ಸ್ವೀಕೃತಿ ಪಡೆಯಿರಿ.

ಠಾಣೆಗೆ ಹೋಗುವ ಮುನ್ನ ನಿಮ್ಮ ಒಪ್ಪಂದವನ್ನು ಒಮ್ಮೆ ತೆಗೆದು ಓದಿ. ಎರಡು ಮರಿ ಹಿಂತಿರುಗಿಸುವ ತನಕ ತಾಯಿಮೇಕೆ ಸಂಘದ್ದೇ ಎಂದು ಅದರಲ್ಲಿದ್ದರೆ ಕಾನೂನಿನ ಪ್ರಕಾರ ಮಾಲೀಕರು ನೀವು. ಹಿಂಸೆ ತಡೆಯಲು ತಕ್ಕಷ್ಟು ಎಚ್ಚರ, ಮೇಲ್ವಿಚಾರಣೆ ವಹಿಸದ ಮಾಲೀಕನೂ ಅಪರಾಧ ಮಾಡಿದವನೇ ಎನ್ನುತ್ತದೆ ಅದೇ 11ನೇ ಕಲಮಿನ ಎರಡನೇ ಉಪಕಲಮು. ಮನೆಯವರದೇ ಎಂದಿದ್ದರೆ ಅವರ ಒಪ್ಪಿಗೆಯಿಲ್ಲದೆ ಮೇಕೆಯನ್ನು ಬಿಚ್ಚಿಕೊಂಡು ಬರುವಂತಿಲ್ಲ, ಕಳ್ಳತನದ ದೂರು ನಿಮ್ಮ ಮೇಲೆ ಬರುತ್ತದೆ. ಏನೂ ಬರೆದಿಲ್ಲದಿದ್ದರೆ — ಇಂಥ ಕಾರ್ಯಕ್ರಮಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ — ‘ಚಿಕಿತ್ಸೆ, ಆರೈಕೆಗಾಗಿ 30 ದಿನ ಸಂಘದ ವಶಕ್ಕೆ ಕೊಟ್ಟಿದ್ದೇವೆ’ ಎಂದು ಎರಡು ಪ್ರತಿ ಬರೆದು, ಇಬ್ಬರೂ ಸಹಿ ಹಾಕಿ, ಒಂದನ್ನು ಮನೆಯವರಿಗೆ ಕೊಡಿ. ತಂದ ಮೇಕೆಯನ್ನು ಬೇರೆ ಮಂದೆಗೆ ಬಿಡಬೇಡಿ, 21 ದಿನ ಪ್ರತ್ಯೇಕ ಕಟ್ಟಿ. ಹಿರೇಬೇನೆಯಿದ್ದರೆ ಉಳಿದ 13ಕ್ಕೂ ಹತ್ತುತ್ತದೆ. ಬಾಯಿಯ ಸುತ್ತ ಹುಣ್ಣಿದ್ದರೆ ಮಕ್ಕಳು ಬರಿಗೈಯಲ್ಲಿ ಮುಟ್ಟಬಾರದು, ಅದು ಮನುಷ್ಯರ ಕೈಗೂ ಬರುತ್ತದೆ.

ಮೇಕೆ ಸತ್ತರೆ ಕೂಡಲೇ ಹೂಳಬೇಡಿ. ನೆರಳಲ್ಲಿಟ್ಟು, ನಾಯಿ ಮುಟ್ಟದಂತೆ ಕಾದು, ಆದಷ್ಟು ಬೇಗ ಮರಣೋತ್ತರ ಪರೀಕ್ಷೆ ಮಾಡಿಸಿ. ಸಾವಿಗೆ ಕಾರಣ ಹೊಡೆತವೋ ಹುಳುವೋ ಎಂದು ಹೇಳುವುದು ಅದೊಂದೇ. ಕುರಿ-ಮೇಕೆ ಸತ್ತರೆ ಸರ್ಕಾರ ಕೊಡುವ ಅನುಗ್ರಹ ಯೋಜನೆಯ ಪರಿಹಾರಕ್ಕೂ ಅದೇ ಕಾಗದ ಬೇಕು. ಮೂಗು, ಗುದದಿಂದ ಕಪ್ಪು ರಕ್ತ ಸೋರುತ್ತಿದ್ದರೆ ಮಾತ್ರ ಯಾರೂ ಕೊಯ್ಯಬಾರದು, ಮುಟ್ಟಲೂಬಾರದು. ಮನುಷ್ಯರಿಗೂ ಹತ್ತುವ ಅಂಥ್ರಾಕ್ಸ್ ರೋಗ ಇರಬಹುದು ಎಂದು ವೈದ್ಯರಿಗೆ ಮೊದಲೇ ತಿಳಿಸಿ.

ಹುಡುಗನ ಹೆಸರು ತೆಗೆದುಹಾಕುವ ಪ್ರಶ್ನೆಗೆ ನನ್ನ ಉತ್ತರ: ಈಗ ಬೇಡ. ತೆಗೆದರೆ ಮೇಕೆ ಅದೇ ಹಿತ್ತಿಲಲ್ಲಿ ಉಳಿಯುತ್ತದೆ, ನೋಡಲು ಹೋಗುವ ಹಕ್ಕು ಮಾತ್ರ ನಿಮ್ಮ ಕೈತಪ್ಪುತ್ತದೆ. ಅದಕ್ಕಿಂತ ಕಾರ್ಯಕ್ರಮದ ಹೊಲಿಗೆ ಎಲ್ಲಿ ಬಿಟ್ಟಿದೆ ನೋಡಿ. ಮೇಕೆ ಗುಂಪಿನ ಪ್ರಾಣಿ. ಮನೆಗೊಂದರಂತೆ ಕೊಟ್ಟರೆ ಒಂಟಿಯಾಗಿ ಕಟ್ಟಿದ ಮೇಕೆ ದಿನವಿಡೀ ಅರಚುತ್ತದೆ, ಮನೆಯವರಿಗೆ ರೇಗುತ್ತದೆ, ಏಟು ಅಲ್ಲಿಂದಲೇ ಶುರುವಾಗುತ್ತದೆ. ಏಳು ಮಕ್ಕಳಿಗೆ ಎರಡೆರಡು ಕೊಟ್ಟಿದ್ದರೆ ಒಳ್ಳೆಯದಿತ್ತು. ಈಗ ಅಕ್ಕಪಕ್ಕದ ಮನೆಯವರನ್ನು ಜೋಡಿ ಮಾಡಿ ಹಗಲು ಒಂದೇ ಕಡೆ ಕಟ್ಟಿಸಿ. ಹದಿನೈದು ದಿನಕ್ಕೊಮ್ಮೆ ಎಲ್ಲ ಮೇಕೆಗಳನ್ನೂ ತೂಗಿ. ಮಗು ಪರೀಕ್ಷೆಗೆ ಓದುವ ತಿಂಗಳು ಮೇವು ಯಾರದು ಎಂದು ಒಪ್ಪಂದದಲ್ಲೇ ಬರೆಯಿರಿ. ‘ಕಾಯಿಲೆ ಎಂದು 24 ಗಂಟೆಯೊಳಗೆ ತಿಳಿಸಿದವರು ಮೇಕೆ ಸತ್ತರೂ ದುಡ್ಡು ಕಟ್ಟಬೇಕಿಲ್ಲ’ ಎಂಬ ಒಂದು ಸಾಲನ್ನೂ ಸೇರಿಸಿ.

ತೂಕದ ದಿನ ಬೆಳಿಗ್ಗೆ ಹೋಗುವಾಗ ಚೀಲದಲ್ಲಿ ಥರ್ಮಾಮೀಟರ್, ದರ್ಜಿಯ ಟೇಪು, ಕೈಗವಸು, ಸಣ್ಣ ಪ್ಲಾಸ್ಟಿಕ್ ಚೀಲ, ಕತ್ತರಿ, ಒಂದು ರೂಪಾಯಿ ನಾಣ್ಯ, ಪುಸ್ತಕ-ಪೆನ್ನು ಇರಲಿ. ಜೊತೆಗೆ ಹದಿನಾಲ್ಕು ನೂಲಿನ ಹಗ್ಗ, ಒಂದೊಂದೂ ಹತ್ತು ಅಡಿಯದು. ನೈಲಾನ್ ಹಗ್ಗಗಳನ್ನೆಲ್ಲ ಅಲ್ಲೇ ಕತ್ತರಿಸಿ ತೆಗೆದುಕೊಂಡು ಬನ್ನಿ. ಹುಡುಗನ ಮೇಕೆಯ ಕೊರಳಲ್ಲಿದ್ದುದನ್ನು ಮಾತ್ರ ಬಿಸಾಡಬೇಡಿ, ದಿನಾಂಕ ಬರೆದು ಲಕೋಟೆಯಲ್ಲಿಡಿ. ಮೇಕೆ ವಾಸಿಯಾಗುವ ತನಕ ಕುತ್ತಿಗೆಗೆ ಏನೂ ಕಟ್ಟದೆ ಗೂಡಲ್ಲೋ ಬೇಲಿಯೊಳಗೋ ಬಿಡಿ.